ಫುಲ್ ಟ್ಯಾಂಕಿಗೆ 21 ಕಿಲೋ ಗೋವಿನಜೋಳ

ನನಗೆ ಕಾರಿನ ಹುಚ್ಚು. ಸಣ್ಣವನಿದ್ದಾಗ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ ಅಪ್ಪನ ಕೈ ಹಿಡಿದು ನಡೆಯುತ್ತ, ಹಿಂದಿನಿಂದ ಬರುವ ಗಾಡಿಯ ಸದ್ದು ಕೇಳಿಯೇ ಇದು ಅಂಬಾಸಿಡರ್, ಇದು ಪದ್ಮಿನಿ, ಇದು ಮಾರುತಿ 800 ಎಂದು ಹೇಳುತ್ತಿದ್ದೆ. ಅಪ್ಪನಿಗೆ ಏನೂ ಖುಷಿಯಾಗುತ್ತಿರಲಿಲ್ಲ. ಮಗ್ಗಿ ಕೇಳಿದರೆ ನಾನು 13ಕ್ಕೇ ನಿಂತುಬಿಡುತ್ತಿದ್ದೆ.

ಅದರ ಸೇಡನ್ನು ಕಾರು ಈಗ ತೀರಿಸಿಕೊಳ್ಳುತ್ತಿದೆ. ಈಗಿನ ಕಾರಿನಲ್ಲಿ ಎಂಜಿನ್‌ಗಿಂತ ಲೆಕ್ಕವೇ ಜಾಸ್ತಿ.

2022ರಲ್ಲಿ ನಾನೂ ಒಂದು ಹೊಸ ಕಾರು ತೆಗೆದುಕೊಂಡೆ. ಶೋರೂಮಿನಲ್ಲಿ ಅದಕ್ಕೆ ಕೆಂಪು ಬಟ್ಟೆ ಹೊದಿಸಿ ಮದುಮಗಳ ಹಾಗೆ ಕೂರಿಸಿದ್ದರು. ಬಟ್ಟೆ ಎಳೆದೆವು, ಚಪ್ಪಾಳೆ ಬಿತ್ತು, ಕೇಕ್ ಕತ್ತರಿಸಿದೆವು. ಮಂಚದಷ್ಟು ದೊಡ್ಡ ರಟ್ಟಿನ ಕೀಲಿ ಹಿಡಿದು ಫೋಟೋ ತೆಗೆಸಿಕೊಂಡೆವು. ಶನಿವಾರ ನುಗ್ಗಿಕೇರಿ ಹನುಮಪ್ಪನ ಮುಂದೆ ನಾಲ್ಕು ಲಿಂಬೆಹಣ್ಣು ಚಪ್ಪಟೆಯಾದವು. ಅಲ್ಲಿಗೆ ನಾನು ಎಸ್‌ಯುವಿ ಮಾಲೀಕ.

ಎಸ್‌ಯುವಿ ಅಂದರೆ ಗುಡ್ಡ ಹತ್ತುವ, ಹೊಳೆ ದಾಟುವ ಗಾಡಿ ಎಂದು ನಾನು ತಿಳಿದಿದ್ದೆ. ನನ್ನದರ ಉದ್ದ 3995 ಮಿಲಿಮೀಟರ್. ಪಕ್ಕದ ಮನೆಯವರದು ಬೇರೆ ಕಂಪನಿ, ಅದೂ 3995. ಎದುರು ಮನೆಯವರದು ಮೂರನೇ ಕಂಪನಿ, ಅದೂ ಅಷ್ಟೇ. ಇಷ್ಟೊಂದು ಎಂಜಿನಿಯರುಗಳು ಬೇರೆ ಬೇರೆ ಊರಲ್ಲಿ ಕೂತು ಒಂದೇ ಅಳತೆಗೆ ಬಂದದ್ದು ಹೇಗೆ? 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡ ಕಾರಿಗೆ ಸುಂಕ ಕಡಿಮೆ ಮಾಡಿದರು. ಅಲ್ಲಿಂದ ಕಾರಿನ ವಿನ್ಯಾಸ ದರ್ಜಿಯ ಟೇಪಿಗೆ ಬಂತು. 2008ರಲ್ಲಿ ಇಂಡಿಗೋ ಕಾರಿನ ಬಾಲ ಕತ್ತರಿಸಿ ಸಿಎಸ್ ಎಂದು ಬಿಟ್ಟರು. 2012ರಲ್ಲಿ ಡಿಸೈರ್ 4160ರಿಂದ 3995ಕ್ಕೆ ಇಳಿಯಿತು. ಹಿಂದಿನಿಂದ ನೋಡಿದರೆ ಪಾಪ, ಬಾಗಿಲಿಗೆ ಸಿಕ್ಕಿದ ಬೆಕ್ಕಿನ ಹಾಗೆ ಕಾಣುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು, ಟೇಪು ಮಾತ್ರ ಹಾಗೇ ಉಳಿಯಿತು. ನಾಲ್ಕು ಮೀಟರ್ ಮತ್ತು 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ 18 ಪರ್ಸೆಂಟ್, ದಾಟಿದರೆ 40. ಹೀಗಾಗಿ ನಮ್ಮ ಎಸ್‌ಯುವಿಗಳು ಮುಂದಿನಿಂದ ಹುಲಿ, ಹಿಂದಿನಿಂದ ಇಲಿ.

ಸನ್‌ರೂಫ್ ಬೇರೆ ಇದೆ. ಬಿಸಿಲು ಕಡಿಮೆ ಇರುವ ದೇಶದವರು ಒಂದಿಷ್ಟು ಬಿಸಿಲು ಕಾಣಲಿ ಎಂದು ಮಾಡಿಕೊಂಡ ಕಿಟಕಿ ಅದು. ನಮಗೆ ಬಿಸಿಲಿನ ಬರ ಇದೆಯೇ? ಆದರೂ ಅದಿಲ್ಲದ ಕಾರನ್ನು ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಮಗಳು ಒಮ್ಮೆ ಗೋಕುಲ ರಸ್ತೆಯಲ್ಲಿ ತೆರೆದಳು. ಮನೆ ಮುಟ್ಟುವಷ್ಟರಲ್ಲಿ ನಾಲ್ವರೂ ಭಸ್ಮ ಬಳಿದುಕೊಂಡ ಸಾಧುಗಳಾಗಿದ್ದೆವು. ಈಗ ಅದನ್ನು ಬಳಸುವುದು ಮದುವೆ ಮೆರವಣಿಗೆಯಲ್ಲಿ ಹುಡುಗರು ಸೊಂಟದ ತನಕ ಹೊರಗೆ ನಿಂತು ಕುಣಿಯಲು ಮಾತ್ರ.

ಇನ್ನು ಮೈಲೇಜು. ಕಂಪನಿ ಹೇಳುವ ಅಂಕಿ ಸುಳ್ಳಲ್ಲ. ಕಾರನ್ನು ಪ್ರಯೋಗಾಲಯದಲ್ಲಿ ರೋಲರ್ ಮೇಲೆ ನಿಲ್ಲಿಸಿ, ಎಸಿ ಬಂದ್ ಮಾಡಿ, ಗೊತ್ತುಮಾಡಿದ ವೇಗದಲ್ಲಿ ಚಕ್ರ ತಿರುಗಿಸಿ ಅಳೆಯುತ್ತಾರೆ. ಆ ರೋಲರ್ ಮೇಲೆ ಉಣಕಲ್ ಸಿಗ್ನಲ್ ಇಲ್ಲ. ನಡುರಸ್ತೆಯಲ್ಲಿ ಮಲಗಿ ಮೆಲುಕು ಹಾಕುವ ದನ ಇಲ್ಲ. ಮದುವೆಗೆ ಹೊರಟ ಐದು ಜನ, ಅವರ ಆಹೇರಿ ಗಂಟು ಯಾವುದೂ ಇಲ್ಲ.

ನಾನು ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ ಬರೆದಿಡುವ ಜಾತಿ. ಮೊದಲು ಲೀಟರಿಗೆ 16 ಬರುತ್ತಿತ್ತು, ಈಗ 15 ಮುಟ್ಟುವುದೂ ಕಷ್ಟ. ಕಾರಣ ಯಾರಿಗೆ ಕೇಳಿದರೂ ಗೊತ್ತು. ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಪಾಲು ಎಥೆನಾಲ್. 2030ಕ್ಕೆ ಮುಟ್ಟಬೇಕಿದ್ದ ಗುರಿಯನ್ನು 2025ರಲ್ಲೇ ಮುಟ್ಟಿದರು. ನಮ್ಮ ದೇಶದಲ್ಲಿ ಐದು ವರ್ಷ ಮೊದಲೇ ಮುಗಿದ ಕೆಲಸ ನಾನು ಕಂಡಿದ್ದು ಇದೊಂದೇ. 2023ರ ಏಪ್ರಿಲ್ ನಂತರದ ಕಾರುಗಳನ್ನು ಇದಕ್ಕೆ ತಕ್ಕ ಹಾಗೆ ಮಾಡಿದ್ದಾರೆ. ಅದಕ್ಕೂ ಮೊದಲು ಕೊಂಡವರು? ಹಳೆ ಗಾಡಿಗಳಲ್ಲಿ 20-30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಖರ್ಚು ಜಾಸ್ತಿ ಇಲ್ಲ ಎಂದು ಸರ್ಕಾರವೇ ಸಮಾಧಾನ ಹೇಳಿತು. ಬೇರೆಯವರ ಜೇಬಿನ ಖರ್ಚು ಯಾವಾಗಲೂ ಸ್ವಲ್ಪವೇ ಇರುತ್ತದೆ.

2025ರ ನವೆಂಬರಿನಲ್ಲಿ ನಮ್ಮ ಕಾಕಾ ಲಕ್ಷ್ಮೇಶ್ವರ ಕಡೆಯಿಂದ ಬಂದಿದ್ದರು. ಧಾರವಾಡ ಕೋರ್ಟಿನಲ್ಲಿ ಹೊಲದ ಕೇಸು. ಬಸ್ ಇಳಿದವರನ್ನು ನಾನೇ ಕಾರಿಗೆ ಹತ್ತಿಸಿಕೊಂಡೆ. ದಾರಿಯಲ್ಲಿ ಪೆಟ್ರೋಲ್ ಪಂಪಿಗೆ ಹೋದೆ. ಅಲ್ಲಿ ಅಂಟಿಸಿದ್ದ ಚೀಟಿ ನೋಡಿ ಕಾಕಾ ಕೇಳಿದರು.

"ಇ-20 ಅಂದ್ರ ಏನೋ ತಮ್ಮಾ?"

"ನೂರಕ್ಕೆ 20 ಎಥೆನಾಲ್ ಕಾಕಾ. ಕಬ್ಬು, ಅಕ್ಕಿ, ಗೋವಿನಜೋಳದಿಂದ ಮಾಡ್ತಾರ."

ಗೋವಿನಜೋಳ, ಅಂದರೆ ಮೆಕ್ಕೆಜೋಳ, ಎನ್ನುತ್ತಲೇ ಕಾಕಾ ಸೀಟಿನಲ್ಲಿ ನೆಟ್ಟಗೆ ಕೂತರು. ಸುಮ್ನೆ ಅಲ್ಲ. ಆ ತಿಂಗಳು ಲಕ್ಷ್ಮೇಶ್ವರದಲ್ಲಿ ಗೋವಿನಜೋಳದ ಖರೀದಿ ಕೇಂದ್ರ ತೆರೆಯಿರಿ ಎಂದು ರೈತರು ಧರಣಿ ಹೂಡಿದ್ದರು. ಕಾಕಾ ಕೂಡ ಪೆಂಡಾಲಿನಲ್ಲಿ ಕೂತು ಬಂದವರೇ. ಬೆಂಬಲ ಬೆಲೆ ಕ್ವಿಂಟಲಿಗೆ 2400 ಎಂದು ಕಾಗದದಲ್ಲಿತ್ತು. ಕಾಕಾಗೆ ಕೈಗೆ ಬಂದದ್ದು 1700.

"ಇದರ ಹೊಟ್ಟಿಗೆ ಎಷ್ಟ್ ಜೋಳ ಹಿಡಿತೈತಿ?"

ಕಾರಿನ ಬಗ್ಗೆ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಬಿಎಚ್‌ಪಿ ಕೇಳಿದ್ದಾರೆ, ಟಾರ್ಕ್ ಕೇಳಿದ್ದಾರೆ. ಜೋಳ? ಮೊಬೈಲ್ ತೆಗೆದೆ. ನನ್ನ ಟ್ಯಾಂಕು 40 ಲೀಟರಿನದು. ಅದರಲ್ಲಿ ಎಥೆನಾಲ್ 8 ಲೀಟರ್. ಒಂದು ಟನ್ ಗೋವಿನಜೋಳಕ್ಕೆ ಸುಮಾರು 380 ಲೀಟರ್ ಎಥೆನಾಲ್ ಬರುತ್ತದೆ. ಪೂರ್ತಿ ಗೋವಿನಜೋಳದ್ದೇ ಎಂದು ಹಿಡಿದರೆ ಒಂದು ಟ್ಯಾಂಕಿಗೆ 21 ಕಿಲೋ.

"ಇಪ್ಪತ್ತೊಂದು ಕಿಲೋ! ನಮ್ಮ ಎತ್ತು ತಿನ್ನೂದಿಲ್ಲಲ್ಲೋ ಅಷ್ಟು." ಆಮೇಲೆ ಬೆರಳು ಎಣಿಸಿದರು. "ನನ್ನ ರೇಟಿಗೆ ಮುನ್ನೂರೈವತ್ತೇಳು ರೂಪಾಯಿ. ನೀ ಎಷ್ಟ್ ಕೊಟ್ಟಿ?"

"ನಾಲ್ಕು ಸಾವಿರದ ಮೇಲೆ."

ಕಾಕಾ ನನ್ನನ್ನು ಕಳ್ಳ ದಲಾಲಿಯನ್ನು ನೋಡುವ ಹಾಗೆ ನೋಡಿದರು. ಉಳಿದ 32 ಲೀಟರ್ ನಿಜವಾದ ಪೆಟ್ರೋಲ್, ಅದರ ಎಣ್ಣೆ ಹೊರದೇಶದಿಂದ ಬರುತ್ತದೆ, ಅದರ ಮೇಲೆ ತೆರಿಗೆ ಇದೆ ಎಂದು ಬಿಡಿಸಿ ಹೇಳಿದೆ. "ಅದು ಇರಲಿ, ಜೋಳದ್ದಷ್ಟೇ ಹೇಳು" ಎಂದರು. ಹೇಳಿದೆ. 8 ಲೀಟರಿಗೆ ಬೇಕಾದ ಜೋಳಕ್ಕೆ ಕಾಕಾಗೆ 357. ಗೋವಿನಜೋಳದ ಎಥೆನಾಲಿಗೆ ಎಣ್ಣೆ ಕಂಪನಿಗಳು ಕೊಡುವ ದರ ಲೀಟರಿಗೆ 71 ರೂಪಾಯಿ 86 ಪೈಸೆ, ಅಂದರೆ ಡಿಸ್ಟಿಲರಿಗೆ 575. ಅದೇ 8 ಲೀಟರ್ ಪೆಟ್ರೋಲ್ ಎಂಬ ಹೆಸರಿನಲ್ಲಿ ನನ್ನ ಟ್ಯಾಂಕಿಗೆ ಬೀಳುವಾಗ 800ರ ಮೇಲೆ. ನಮ್ಮ ರಾಜ್ಯದವರೂ ಹಿಂದೆ ಬಿದ್ದಿಲ್ಲ. ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ 25.92ರಿಂದ 29.84 ಪರ್ಸೆಂಟಿಗೆ ಏರಿಸಿದ್ದಾರೆ. ಇಷ್ಟೆಲ್ಲ ಕೊಟ್ಟ ಮೇಲೆ, ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಶಕ್ತಿ ಕಡಿಮೆ. ಎಂಟು ಲೀಟರ್ ಹಾಕಿಸಿದರೆ ಐದೂಕಾಲು, ಐದೂವರೆ ಲೀಟರಿನ ಕೆಲಸ.

"ಹಾಲಿಗೆ ನೀರು ಬೆರಸಿ ಹಾಲಿನ ರೇಟಿಗೆ ಮಾರಿದಂಗಾತು."

"ನೀರಲ್ಲ ಕಾಕಾ, ನಿಮ್ಮ ಜೋಳ. ರೈತ ಈಗ ಬರೀ ಅನ್ನದಾತ ಅಲ್ಲಂತ, ಊರ್ಜಾದಾತ ಅಂತ."

"ದಾತ ಅನ್ನೂದು ಬಿಡೂದಿಲ್ಲ ನೋಡು ಇವರು. ಅಂದ್ರ ಕೊಡಾಂವ. ತಗೊಳ್ಳಾಂವ ಅನ್ನಾಕ ಒಂದು ಶಬ್ದ ಇಲ್ಲೇನು?"

ಉಣಕಲ್ ಹತ್ತಿರ ಗಾಡಿಗಳ ಸಾಲು ನಿಂತಿತ್ತು. ಎಡಕ್ಕೆ ನಮ್ಮ ಹುಲಿ-ಇಲಿಗಳು, ಒಂದೊಂದರಲ್ಲಿ ಒಬ್ಬೊಬ್ಬರು, ಎಸಿ ಹಾಕಿಕೊಂಡು ಜೋಳ ಮೇಯುತ್ತಿದ್ದೆವು. ಪಕ್ಕದ ತನ್ನದೇ ದಾರಿಯಲ್ಲಿ ಚಿಗರಿ ಬಸ್ಸು, ಜಿಂಕೆ ಎಂಬ ಹೆಸರಿಗೆ ತಕ್ಕ ಹಾಗೆ, ಜಿಗಿದು ಹೋಯಿತು. ಕಾಕಾ ಅದು ಮರೆಯಾಗುವವರೆಗೂ ನೋಡಿದರು. ಏನೂ ಅನ್ನಲಿಲ್ಲ. ನನಗೆ ಅದೇ ಜಾಸ್ತಿ ಚುಚ್ಚಿತು. ಇಪ್ಪತ್ತು ಕಿಲೋಮೀಟರಿನ ಅವಳಿ ನಗರದಲ್ಲಿ, ಬಾಗಿಲಿಗೆ ಎಸಿ ಬಸ್ಸು ಬರುವಾಗ, ನಾನು ಯಾಕೆ ಕಾರು ಓಡಿಸುತ್ತೇನೆ? ಹುಚ್ಚು ಎಂದೆನಲ್ಲ.

ಕೋರ್ಟಿನಲ್ಲಿ ತಾರೀಖು ಮುಂದೆ ಹೋಯಿತು. ಮರಳುವಾಗ ಕೆರೆಯ ಹತ್ತಿರ ಸುಟ್ಟ ತೆನೆ ಮಾರುತ್ತಿದ್ದರು, ಒಂದಕ್ಕೆ 30. ಕಾಕಾ ತೆನೆಯನ್ನು ಕೈಯಲ್ಲಿ ತೂಗಿದಂತೆ ಮಾಡಿ ಮತ್ತೆ ಅಲ್ಲೇ ಇಟ್ಟರು. ಮಾಲ್‌ನಲ್ಲಿ ಪಾಪ್‌ಕಾರ್ನ್ ಎಷ್ಟು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. 2024ರ ಡಿಸೆಂಬರಿನಲ್ಲಿ ಕ್ಯಾರಮೆಲ್ ಪಾಪ್‌ಕಾರ್ನ್‌ಗೂ, ಹಳೆ ಕಾರು ಮಾರುವ ವ್ಯಾಪಾರಿಯ ಲಾಭಕ್ಕೂ 18 ಪರ್ಸೆಂಟ್ ಎಂದದ್ದು ಜಿಎಸ್‌ಟಿ ಮಂಡಳಿಯ ಒಂದೇ ಸಭೆಯಲ್ಲಿ. ಜೋಳಕ್ಕೂ ಕಾರಿಗೂ ಇರುವ ನಂಟು ದಿಲ್ಲಿಯವರಿಗೆ ನಮಗಿಂತ ಮೊದಲೇ ಗೊತ್ತಿತ್ತು, ಅಲ್ವಾ?

ಆವತ್ತಿನಿಂದ ಕಾಕಾ ಫೋನ್ ಮಾಡಿದರೆ ಮೊದಲು ಮಕ್ಕಳನ್ನು ಕೇಳುತ್ತಾರೆ, ಆಮೇಲೆ ಕಾರನ್ನು. "ಮೇವು ಹಾಕಿದ್ಯೇನೋ? ಎಷ್ಟ್ ಕಿಲೋ ತಿಂತು?" ನಾನು ಇಪ್ಪತ್ತೊಂದೋ ಹತ್ತೋ ಲೆಕ್ಕ ಒಪ್ಪಿಸುತ್ತೇನೆ. ಹೋದ ಸಲ ನಾನೂ ಕೇಳಿದೆ, ಮುಂದಿನ ಮುಂಗಾರಿಗೆ ಏನು ಬಿತ್ತುತ್ತೀರಿ ಎಂದು.

"ಮತ್ತೇನು, ಗೋವಿನಜೋಳನ. ನಿನ್ನ ಕಾರ್ ಉಪಾಸ ಕೆಡವಾಕ ಬರ್ತೈತೇನು?"