ಕಲಾವಿದರು: 1 ಸೆಟ್

ಹಳೆಯ ಹಾಡೊಂದನ್ನು ಕೇಳಬೇಕು ಅಂತ ಜಾನಪದ ಕಾರ್ಯಕ್ರಮ ನಡೆಸುವ ಕಚೇರಿಯೊಂದಕ್ಕೆ ಹೋಗಿದ್ದೆ. ಯಾವ ಕಚೇರಿ ಅಂತ ಹೇಳುವುದಿಲ್ಲ. ಹೇಳಿದರೆ, ನಮ್ಮ ಹೆಸರು ಯಾಕೆ ಬಿಟ್ಟಿರಿ ಅಂತ ಉಳಿದ ಕಚೇರಿಗಳು ಬೇಜಾರು ಮಾಡಿಕೊಂಡಾವು.

ಗುಮಾಸ್ತರು ಒಳ್ಳೆಯವರು. "ಹಾಡು ಬೇಕಾ ಸಾರ್, ಬಿಲ್ ಬೇಕಾ?" ಅಂತ ಕೇಳಿದರು. ಹಾಡು ಅಂದೆ. ಅವರ ಮುಖ ಸಪ್ಪಗಾಯಿತು. "ಬಿಲ್ ಆಗಿದ್ರೆ ಎರಡೇ ನಿಮಿಷ" ಅಂದರು.

ಸರಿ, ಸುಮ್ನೆ ನೋಡೋಣ ಅಂತ ಬಿಲ್ಲೇ ತರಿಸಿದೆ. ಎರಡು ನಿಮಿಷವೂ ಆಗಲಿಲ್ಲ. ಇಪ್ಪತ್ತು ವರ್ಷ ಹಳೆಯ ಕಾರ್ಯಕ್ರಮ. ಆದರೂ ಕಟ್ಟು ಅಲುಗಾಡಿಲ್ಲ. ಪುಟಕ್ಕೊಂದು ನಂಬರು, ನಂಬರಿಗೊಂದು ಸಹಿ, ಸಹಿಯ ಮೇಲೊಂದು ಸೀಲು. ಮೊದಲ ಪುಟದಲ್ಲೇ ಹೀಗಿತ್ತು: ಕುರ್ಚಿ 300. ಮೈಕ್ 2. ಜನರೇಟರ್ 1. ಕಲಾವಿದರು 1 ಸೆಟ್.

ಕುರ್ಚಿಗಳನ್ನಾದರೂ ಎಣಿಸಿದ್ದಾರೆ ನೋಡಿ.

ಕಚೇರಿಯಲ್ಲಿ ಎರಡು ಬಗೆಯ ಟೇಪು ಇರುತ್ತದೆ. ಒಂದು ಫೈಲು ಕಟ್ಟುವ ಟೇಪು, ಇನ್ನೊಂದು ಹಾಡಿನ ಟೇಪು. ಮೊದಲನೆಯದಕ್ಕೆ ಏನೂ ಆಗುವುದಿಲ್ಲ. ಎರಡನೆಯದು ಪಾಪದ್ದು. ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಹಳೆಯ ಟೇಪು ಕೊಳೆಯಲು ಶುರುವಾದರೆ ವಿನೆಗರ್ ವಾಸನೆ ಬರುತ್ತದೆ, ಆ ಕೊಳೆತ ಪಕ್ಕದ ಟೇಪಿಗೂ ಹರಡುತ್ತದೆ. 1970ರ ದಶಕದ ಮತ್ತು ಆಮೇಲಿನ ಕೆಲವು ಪಾಲಿಯೆಸ್ಟರ್ ಟೇಪುಗಳ ಅಂಟು ತೇವ ಹೀರಿಕೊಂಡು ಜಿಗುಟಾಗುತ್ತದೆ. ಓಡಿಸಿದರೆ ಕಿರ್ ಅನ್ನುತ್ತದೆ, ಕಂದು ಪುಡಿ ಉದುರಿಸುತ್ತದೆ. ಆ ಪುಡಿಯೇ ಹಾಡು. ಇದಕ್ಕೂ ಮದ್ದಿದೆ. ಸುಮಾರು 50 ಡಿಗ್ರಿ ಬಿಸಿಯಲ್ಲಿ ಗಂಟೆಗಟ್ಟಲೆ ಹದವಾಗಿ ಬೇಯಿಸಿದರೆ ಕೆಲವು ದಿನದ ಮಟ್ಟಿಗೆ ಓಡುತ್ತದೆ, ಅಷ್ಟರಲ್ಲಿ ನಕಲು ತೆಗೆದುಕೊಳ್ಳಬೇಕು. ಇದನ್ನು ಗುಮಾಸ್ತರಿಗೆ ಹೇಳಿದೆ. "ಬೇಯಿಸೋದಕ್ಕೆ ಯಾವ ಲೆಕ್ಕಶೀರ್ಷಿಕೆ ಹಾಕೋದು ಸಾರ್?" ಅಂದರು. ನನ್ನ ಬಾಯಿ ಕಟ್ಟಿತು.

ಬೀರು ತೆಗೆಸಿದೆ. ವಿನೆಗರ್ ವಾಸನೆ ಗಮ್ಮೆಂದಿತು. ಮೇಲಿನ ಮೂರು ಹಲಗೆಯ ತುಂಬ ಹಂಚದೆ ಉಳಿದ ಸ್ಮರಣಿಕೆಗಳು. ಕೆಳಗಿನ ಹಲಗೆಯಲ್ಲಿ, ಮುರಿದ ಫ್ಯಾನಿನ ರೆಕ್ಕೆಯ ಹಿಂದೆ, ಜಾನಪದ. ಒಂದು ಪುಟಾಣಿ ಡ್ಯಾಟ್, ಅಂದರೆ ಡಿಜಿಟಲ್ ಆಡಿಯೊ ಟೇಪ್, ಕ್ಯಾಸೆಟ್ಟಿನ ಮೇಲೆ "ಜಾನಪದ, ಭಾಗ 2" ಅಂತ ಬರೆದಿತ್ತು. ಭಾಗ 1 ಎಲ್ಲಿ? ಗೊತ್ತಿಲ್ಲ. ಹಾಡಿದ್ದು ಯಾರು? ಅದರ ಜಾಗದಲ್ಲಿ ಉದ್ಘಾಟಕರ ಹೆಸರಿತ್ತು, ಎರಡು ಬಿರುದುಗಳ ಸಮೇತ.

ಫೋಟೊಗಳಾದರೂ ಇರಬಹುದಲ್ವಾ ಅಂದೆ. ಇದ್ದವು. ಮುಖ್ಯ ಅತಿಥಿ ಬರುತ್ತಿರುವುದು, ಕೂತಿರುವುದು, ಎದ್ದಿರುವುದು, ಮಾತಾಡುತ್ತಿರುವುದು, ಮಾತು ನಿಲ್ಲಿಸದಿರುವುದು. ಒಂದರಲ್ಲಿ ಅವರ ಮೊಣಕೈ ಹಿಂದೆ ಅರ್ಧ ತಮಟೆ, ಅದರ ಮೇಲೊಂದು ಕೈ ಕಂಡಿತು. ಆಲ್ಬಮ್ಮಿನಲ್ಲಿ ಜಾನಪದ ಅಂತ ಇದ್ದದ್ದು ಆ ಕೈ ಒಂದೇ.

1890ರಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಅನ್ನುವವರು ಅಮೆರಿಕದ ಮೇನ್ ರಾಜ್ಯಕ್ಕೆ ಹೋಗಿ, ಪಾಸಮಕ್ವಾಡಿ ಬುಡಕಟ್ಟಿನವರ ಹಾಡು, ಕತೆಗಳನ್ನು ಎಡಿಸನ್ ಯಂತ್ರದ ಮೇಣದ ಉರುಳೆಗಳಲ್ಲಿ ಹಿಡಿದರು. ಮೇಣ ಸ್ವಾಮಿ, ಮೇಣ! ಬಿಸಿಲಿಗೆ ಕರಗುವ, ಬೂಷ್ಟು ಹಿಡಿಯುವ, ಕೈಜಾರಿದರೆ ಒಡೆಯುವ ಮೇಣ. ಹಾಡಿದವರು ನೋಯೆಲ್ ಜೋಸೆಫ್ಸ್, ಪೀಟರ್ ಸೆಲ್ಮೋರ್ ಅಂತ ಹೆಸರೂ ಉಳಿದಿದೆ. ಈಗ ಆ ಬುಡಕಟ್ಟಿನವರೇ ಕೂತು ಕೇಳಿ, ಪದ ಬಿಡಿಸಿ ಬರೆದುಕೊಳ್ಳುತ್ತಿದ್ದಾರೆ. ಫ್ಯೂಕ್ಸ್ ಪುಣ್ಯವಂತ. ಅವರ ಹತ್ತಿರ 300 ಕುರ್ಚಿ ಇರಲಿಲ್ಲ.

ನಮ್ಮದು ಡಿಜಿಟಲ್ ಕಾಲ, ಹಾಗಾಗಿ ಕಷ್ಟ ಜಾಸ್ತಿ. ಡ್ಯಾಟ್ ಯಂತ್ರ ಮಾಡುವುದನ್ನು ಸೋನಿ 2005ರಲ್ಲೇ ನಿಲ್ಲಿಸಿತು. ಟೇಪು ಓಡಿಸುವ ಯಂತ್ರಗಳು, ಅವುಗಳ ಬಿಡಿಭಾಗಗಳು 2025ರ ಹೊತ್ತಿಗೆ ಸಿಗದಂತಾಗಬಹುದು, ಬೇಗ ನಕಲು ತೆಗೆಯಿರಿ ಅಂತ ಯುನೆಸ್ಕೊ 2019ರಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿತು. ಈ ಕಚೇರಿಯಲ್ಲೂ ಗಂಟೆ ಕೇಳಿಸಿದೆ. ಕೆಲವು ಟೇಪುಗಳನ್ನು ನಕಲೂ ಮಾಡಿದ್ದಾರೆ. ಧ್ವನಿಯ ನವಿರೂ ಉಳಿಯಬೇಕಾದರೆ ನಕಲು 96 ಕಿಲೋಹರ್ಟ್ಸ್, 24 ಬಿಟ್ ಇರಲಿ ಅನ್ನುತ್ತಾರೆ ಬಲ್ಲವರು. ಇವರು ಮೊಬೈಲಿನಲ್ಲಿ ಕಳಿಸಲು ಸುಲಭವಾಗಲಿ ಅಂತ ಹಾಡನ್ನು ಹಿಂಡಿ ಹಿಪ್ಪೆ ಮಾಡಿ ಒಂದು ಹಾರ್ಡ್ ಡಿಸ್ಕಿಗೆ ತುಂಬಿದ್ದಾರೆ. ಅದಕ್ಕೆ ಪಾಸ್‌ವರ್ಡ್ ಇದೆ. ಪಾಸ್‌ವರ್ಡ್ ಇಟ್ಟವರು ನಿವೃತ್ತರಾಗಿದ್ದಾರೆ.

ನಾವು ಬೀರುವಿನ ಮುಂದೆ ಕೂತಿದ್ದಾಗಲೇ ಒಬ್ಬ ಹೆಣ್ಣುಮಗಳು ಬಂದಳು. "ಇಪ್ಪತ್ತು ವರ್ಷದ ಹಿಂದೆ ನಮ್ಮಜ್ಜಿ ನಿಮ್ಮ ಕಾರ್ಯಕ್ರಮದಲ್ಲಿ ಹಾಡಿದ್ರು ಸಾರ್. ಒಂದು ನಕಲು ಬೇಕಿತ್ತು."

ಗುಮಾಸ್ತರು ರಿಜಿಸ್ಟರು ತಿರುವಿದರು. "ನಿಮ್ಮಜ್ಜಿ ಹೆಸರಲ್ಲಿ ಏನೂ ಇಲ್ಲಮ್ಮ. ಅಜ್ಞಾತ ಕಲಾವಿದೆ ಅಂತ ಒಂದಿದೆ."

"ಅವರೇ ಇರಬೇಕು ಸಾರ್."

"ಇರಬಹುದು. ಆದ್ರೆ ಮನೆಯವರಿಗೆ ಮಾತ್ರ ಕೊಡೋದಕ್ಕೆ ಬರೋದು. ನೀವು ಅಜ್ಞಾತ ಅವರ ಮೊಮ್ಮಗಳು ಅನ್ನೋದಕ್ಕೆ ಏನಾದ್ರೂ ದಾಖಲೆ ಇದ್ಯಾ?"

ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ನಾನೂ ಮಾಡಿದೆ. ಅಂಥ ದಾಖಲೆ ಎಲ್ಲಿ ಮಾಡಿಸುತ್ತಾರೋ ನನಗೂ ಹೊಳೆಯಲಿಲ್ಲ. "ಹಾಡು ಕೇಳಿಸಿ, ಧ್ವನಿ ಗುರುತು ಹಿಡೀತೀನಿ" ಅಂದಳು. "ಗುರುತು ಸಿಕ್ಕಿದ ಮೇಲೇನೇ ಕೇಳಿಸೋದು" ಅಂದರು ಗುಮಾಸ್ತರು. ದರ್ಪವೇನೂ ಇರಲಿಲ್ಲ. ನಿಯಮ ಹಾಗಿತ್ತು, ಅವರಿಗೂ ಬೇಜಾರಿತ್ತು.

ಆಗ ಅವರಿಗೇ ಏನೋ ಹೊಳೆಯಿತು. "ಸಂಭಾವನೆ ತಗೊಂಡಿರ್ತಾರಲ್ಲಾ" ಅಂತ ನನ್ನ ಮುಂದಿದ್ದ ಬಿಲ್ಲಿನ ಕಟ್ಟನ್ನು ಎಳೆದುಕೊಂಡರು. ಬೆರಳು ಒದ್ದೆ ಮಾಡಿಕೊಂಡು ಹಾಳೆ ಮಗುಚಿದರು. ಕುರ್ಚಿ ಹೋಯಿತು, ಮೈಕ್ ಹೋಯಿತು, ಜನರೇಟರ್ ಹೋಯಿತು. ಪುಟ 41ರಲ್ಲಿ ರೆವಿನ್ಯೂ ಸ್ಟಾಂಪಿನ ಮೇಲೆ ನೀಲಿ ಹೆಬ್ಬೆಟ್ಟು. ಪಕ್ಕದಲ್ಲಿ ಯಾರದೋ ದುಂಡು ಅಕ್ಷರದಲ್ಲಿ ಅಜ್ಜಿಯ ಹೆಸರು, ತಂದೆಯ ಹೆಸರು, ಊರು, ವಯಸ್ಸು. ಕೆಳಗೆ "ಏಳು ಮಂದಿಯ ಪರವಾಗಿ" ಅಂತ ಬರೆದು ಏಳೂ ಜನರ ಹೆಸರು. ಒಂದು ಸೆಟ್ ಅಂದರೆ ಏಳು ಅಂತ ಆಗ ಗೊತ್ತಾಯಿತು. ಬೆಳಗಿನಿಂದ ಲೆಕ್ಕಪತ್ರದವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದ ನಾನು ತೆಪ್ಪಗಾದೆ.

ಅವಳು ಆ ಹೆಬ್ಬೆಟ್ಟಿನ ಗುರುತನ್ನೇ ನೋಡುತ್ತಿದ್ದಳು.

"ಇದರ ಜೆರಾಕ್ಸ್ ಈಗಲೇ ಮಾಡಿಸ್ಕೊಂಬಿಡಿ ಅಮ್ಮ" ಅಂದರು ಗುಮಾಸ್ತರು. "ಈ ಕಟ್ಟು ಇಡಬೇಕಾದ ಅವಧಿ ಮುಗೀತು. ಮುಂದಿನ ವಾರ ರದ್ದಿಗೆ ಹೋಗುತ್ತೆ."

"ಹಾಡು ಸಾರ್?"

"ಅದೆಲ್ಲಿಗೆ ಹೋಗುತ್ತೆ? ಓಡಿಸೋ ಮಷೀನೇ ಇಲ್ವಲ್ಲ."