ನಾಲ್ಕು ವರ್ಷದ "ಫೇಶಿಯಲ್"

ಅತ್ತಿಗೆಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಹೆಸರು ಹಾಕ್ಬೇಡ, ಊರೂ ಹಾಕ್ಬೇಡ, ಮಿಕ್ಕಿದ್ದು ಏನಾದ್ರೂ ಬರ್ಕೋ" ಅಂದಿದ್ದಾರೆ.

ಅವರಿಗೆ ಈಗ 58. ನಾಲ್ಕು ವರ್ಷದಿಂದ ಆಗಾಗ ಒಂದು ಕ್ಲಿನಿಕ್‌ಗೆ ಹೋಗಿ ಬರುತ್ತಿದ್ದರು. ಕೇಳಿದರೆ "ಫೇಶಿಯಲ್" ಅನ್ನುತ್ತಿದ್ದರು. ಅಣ್ಣನಿಗೂ ಅದೇ ಉತ್ತರ, ನನಗೂ ಅದೇ. ಅದು ಫಿಲ್ಲರ್, ಅಂದರೆ ಮುಖದ ಚರ್ಮದಡಿ ಜೆಲ್ ತುಂಬುವ ಇಂಜೆಕ್ಷನ್ ಅಂತ ನನಗೆ ಗೊತ್ತಾಗಿದ್ದು ಈ ವರ್ಷ, ಒಬ್ಬ ಪ್ಲಾಸ್ಟಿಕ್ ಸರ್ಜನ್ ಎದುರು ಕೂತಾಗ.

ಮಗನ ಮದುವೆ ಗಟ್ಟಿಯಾಗಿತ್ತು. ಅಷ್ಟರೊಳಗೆ ಫೇಸ್‌ಲಿಫ್ಟ್, ಅಂದರೆ ಜೋತುಬಿದ್ದ ಮುಖವನ್ನು ಎತ್ತಿ ಕಟ್ಟುವ ಆಪರೇಷನ್ ಮಾಡಿಸಬೇಕು ಅಂತ ಅತ್ತಿಗೆಗೆ ಆಸೆ. ಮೊದಲು ಹೋದ ಕಡೆ ಒಂದು ಪ್ಯಾಕೇಜ್ ಹೇಳಿದರು. ಸರ್ಜರಿ ಜೊತೆಗೆ ಎರಡು ಸಿರಿಂಜ್ ಫಿಲ್ಲರ್ ಫ್ರೀ, ಒಂದೇ ದಿನ ಎಲ್ಲಾ ಮುಗಿಯುತ್ತೆ. ಸೀರೆ ಜೊತೆ ಬ್ಲೌಸ್ ಪೀಸ್ ಕೊಟ್ಟ ಹಾಗೆ! ನನಗೆ ಅಲ್ಲೇ ಅನುಮಾನ ಬಂತು. ಇನ್ನೊಬ್ಬರನ್ನು ಕೇಳೋಣ ಅಂತ ಹಟ ಹಿಡಿದು ಕರೆದುಕೊಂಡು ಹೋದೆ.

ಎರಡನೆಯ ಡಾಕ್ಟರ್ ಮೊದಲು ಕೇಳಿದ್ದೇ, "ಮುಖಕ್ಕೆ ಹಿಂದೆ ಏನಾದ್ರೂ ಹಾಕಿಸಿಕೊಂಡಿದ್ದೀರಾ ಅಮ್ಮ?"

"ಇಲ್ಲ ಡಾಕ್ಟ್ರೇ, ಏನೂ ಇಲ್ಲ."

ಅವರು ಎರಡೂ ಕೆನ್ನೆಗಳನ್ನು ಬೆರಳಲ್ಲಿ ಒತ್ತಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲೇನೋ ಸಿಗ್ತಾ ಇದೆಯಲ್ಲಾ." ಅತ್ತಿಗೆ ನನ್ನ ಕಡೆ ನೋಡಿದರು. ನಾನು ಗೋಡೆ ಕಡೆ ನೋಡಿದೆ. ಆಮೇಲೆ ಎಲ್ಲಾ ಹೊರಗೆ ಬಂತು. ಕೆನ್ನೆಗೆ, ಮೂಗಿನ ಪಕ್ಕದಿಂದ ಬಾಯಿವರೆಗಿನ ಗೆರೆಗೆ, ಗಲ್ಲಕ್ಕೆ. ಎಷ್ಟು ಸಿರಿಂಜ್ ಅಂತ ಲೆಕ್ಕವಿಲ್ಲ. ಯಾವ ಕಂಪನಿಯದು ಅಂತಲೂ ಗೊತ್ತಿಲ್ಲ. ಹಾಕಿದ ಕ್ಲಿನಿಕ್‌ಗೆ ಅಲ್ಲಿಂದಲೇ ಫೋನ್ ಮಾಡಿದೆವು. ಹಳೆಯ ರೆಕಾರ್ಡ್ ಇಲ್ಲ ಅಂದರು.

ಡಾಕ್ಟರ್ ಬೈಯಲಿಲ್ಲ. ಒಂದು ಹಾಳೆ ತಗೊಂಡು ಮುಖದ ಚಿತ್ರ ಬರೆದು ಹೇಳತೊಡಗಿದರು. ನನಗೆ ಅರ್ಥವಾದಷ್ಟನ್ನು ಇಲ್ಲಿ ಹೇಳುತ್ತೇನೆ.

ವಯಸ್ಸಾದಾಗ ಮುಖದಲ್ಲಿ ಎರಡು ಬೇರೆ ಬೇರೆ ಬದಲಾವಣೆ ಆಗುತ್ತದೆ. ಹಳೇ ದಿಂಬು ನೆನಪಿಸಿಕೊಳ್ಳಿ. ಒಳಗಿನ ಹತ್ತಿ ಕುಗ್ಗುತ್ತದೆ, ಮೇಲಿನ ಗೌಸು ಸಡಿಲವಾಗುತ್ತದೆ. ಫಿಲ್ಲರ್ ಅಂದರೆ ಹತ್ತಿ ತುಂಬುವುದು. ಫೇಸ್‌ಲಿಫ್ಟ್ ಅಂದರೆ ಗೌಸು ಬಿಚ್ಚಿ ಸರಿಮಾಡಿ ಹೊಲಿಯುವುದು. ಮೊದಲೆಲ್ಲ ಚರ್ಮವನ್ನಷ್ಟೇ ಎಳೆದು ಹೊಲಿಯುತ್ತಿದ್ದರಂತೆ. ಚರ್ಮದ ಅಡಿಯಲ್ಲಿ ಸ್ನಾಯುಗಳಿಗೆ ಹೊಂದಿಕೊಂಡ ಒಂದು ಗಟ್ಟಿ ಪದರ ಇದೆ. ಮಿಟ್ಜ್ ಮತ್ತು ಪೆರೋನಿ ಅನ್ನುವ ಇಬ್ಬರು ಫ್ರೆಂಚ್ ವೈದ್ಯರು 1976ರಲ್ಲಿ ಅದನ್ನು ವಿವರಿಸಿದರು. ಈಗ ಎತ್ತಿ ಕಟ್ಟುವುದು ಮುಖ್ಯವಾಗಿ ಆ ಪದರವನ್ನು.

ಸಡಿಲವಾದ ಗೌಸಿಗೆ ಬರೀ ಹತ್ತಿ ತುಂಬುತ್ತಾ ಹೋದರೆ ಏನಾಗುತ್ತೆ? ಮುಖ ಉಬ್ಬಿದ ಪೂರಿ ಆಗುತ್ತೆ. ಒಂದು ಸಿರಿಂಜ್ ಅಂದರೆ ಸಾಮಾನ್ಯವಾಗಿ 1 ಎಂಎಲ್, ಟೀ ಚಮಚದಲ್ಲಿ ಐದನೇ ಒಂದು ಭಾಗ. ಜೋತುಬಿದ್ದ ಕೆನ್ನೆಯನ್ನು ಅದರಿಂದ ಎತ್ತಬೇಕು ಅಂತ ಹೊರಟರೆ ಸಿರಿಂಜ್ ಮೇಲೆ ಸಿರಿಂಜ್ ಬೇಕಾಗುತ್ತದೆ. ಅತ್ತಿಗೆಯ ನಾಲ್ಕು ವರ್ಷ ಹೋಗಿದ್ದು ಹೀಗೆ.

ಸರಿ, ಎರಡೂ ಬೇಕು ಅಂದರೆ ಒಂದೇ ದಿನ ಮಾಡಿದರೆ ಏನು ತೊಂದರೆ? ನಾನೂ ಇದನ್ನೇ ಕೇಳಿದೆ. ವಿಷಯ ಇರುವುದು ರಕ್ತದಲ್ಲಿ. ಫೇಸ್‌ಲಿಫ್ಟ್‌ನಲ್ಲಿ ಕಿವಿಯ ಸುತ್ತ ಕತ್ತರಿಸಿ ಕೆನ್ನೆಯ ಚರ್ಮವನ್ನು ಬಿಡಿಸಿ ಎತ್ತುತ್ತಾರೆ. ಹಾಗೆ ಎತ್ತಿದಾಗ ಕೆಳಗಿಂದ ಬರುತ್ತಿದ್ದ ಸಣ್ಣ ಸಣ್ಣ ರಕ್ತನಾಳಗಳು ಕಡಿಯುತ್ತವೆ. ಆ ಚರ್ಮ ಕೆಲವು ದಿನ ಅಂಚಿನಿಂದ ಬರುವ ಅಷ್ಟಿಷ್ಟು ರಕ್ತದಲ್ಲೇ ಜೀವ ಹಿಡಿದುಕೊಂಡಿರುತ್ತದೆ. ಸಿಗರೇಟ್ ಸೇದುವವರಿಗೆ ಸರ್ಜನ್‌ಗಳು ಅಷ್ಟು ಕಟ್ಟುನಿಟ್ಟು ಮಾಡುವುದೂ ಇದಕ್ಕೇ. ನಿಕೋಟಿನ್ ಆ ರಕ್ತನಾಳಗಳನ್ನೂ ಕುಗ್ಗಿಸುತ್ತದೆ, ಚರ್ಮ ಕಪ್ಪಾಗಿ ಸತ್ತುಹೋಗಬಹುದು.

ಇಲ್ಲಿ ನನಗೆ ನಮ್ಮ ಮೈಸೂರು ಸೀಮೆಯ ಚರಿತ್ರೆ ನೆನಪಾಯಿತು. ಮೂರನೇ ಮೈಸೂರು ಯುದ್ಧದ ಕಾಲ. ಇಂಗ್ಲಿಷರ ಸೈನ್ಯಕ್ಕೆ ಎತ್ತಿನಗಾಡಿ ಹೊಡೆಯುತ್ತಿದ್ದ ಕವಾಸ್ಜಿ ಅನ್ನುವವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗು ಮತ್ತು ಒಂದು ಕೈಯನ್ನು ಕತ್ತರಿಸಲಾಯಿತು. ಆಮೇಲೆ ಪುಣೆ ಕಡೆಯ ಒಬ್ಬ ನಾಟಿ ವೈದ್ಯ, ಇಟ್ಟಿಗೆ ಮಾಡುವವರ ಜಾತಿಯವನಂತೆ, ಹಣೆಯ ಚರ್ಮ ತಿರುಗಿಸಿ ಅವನಿಗೆ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಚಿತ್ರದ ಸಮೇತ ಅದು ಅಚ್ಚಾಯಿತು, ಯೂರೋಪಿನವರು ಬೆರಗಾದರು. ಆ ವೈದ್ಯನ ಜಾಣತನ ಎಲ್ಲಿತ್ತು ಅಂದರೆ, ಹಣೆಯ ಚರ್ಮವನ್ನು ಪೂರ್ತಿ ಕಿತ್ತು ತೆಗೆಯಲಿಲ್ಲ. ಹುಬ್ಬುಗಳ ನಡುವೆ ಒಂದು ಪಟ್ಟಿ ಉಳಿಸಿಕೊಂಡ. ಅದರ ಮೂಲಕ ರಕ್ತ ಹರಿಯಿತು, ಮೂಗು ಉಳಿಯಿತು. ನಾನು ಇದನ್ನು ಹೇಳಿದಾಗ ಡಾಕ್ಟರ್ ನಕ್ಕು, "ನಮ್ಮ ಪಾಠದ ಪುಸ್ತಕದಲ್ಲೂ ಅವನಿದ್ದಾನೆ" ಅಂದರು.

ಈಗ ಫಿಲ್ಲರ್‌ಗೆ ಬನ್ನಿ. ಅದರ ದೊಡ್ಡ ಅಪಾಯವೇ ಜೆಲ್ ತಪ್ಪಿ ರಕ್ತನಾಳದೊಳಗೆ ಹೋಗುವುದು, ಇಲ್ಲವೇ ಹೊರಗಿನಿಂದ ಅದನ್ನು ಒತ್ತುವುದು. ಚರ್ಮ ಕೊಳೆಯಬಹುದು. ಕಣ್ಣಿನ ನಾಳಕ್ಕೆ ಹೋದರೆ ದೃಷ್ಟಿಯೇ ಹೋಗಬಹುದು. ಹುಬ್ಬಿನ ನಡುವೆ, ಮೂಗು, ಹಣೆ, ಈ ಜಾಗಗಳು ಜಾಸ್ತಿ ಅಪಾಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಮೊದಲೇ ಅರೆಹೊಟ್ಟೆಯಲ್ಲಿರುವ ಚರ್ಮಕ್ಕೆ ಅದೇ ದಿನ ಇದನ್ನೂ ಹೇರಿದರೆ? ಸಾಲದ್ದಕ್ಕೆ ಅವತ್ತು ಮುಖ ಊದಿರುತ್ತದೆ, ಎಷ್ಟು ತುಂಬಬೇಕು ಅಂತ ಅಳತೆಯೇ ಸಿಗುವುದಿಲ್ಲ. ಹಸಿ ಗಾಯದ ಪಕ್ಕ ಜೆಲ್ ಇದ್ದರೆ ಸೋಂಕಿನ ಭಯ ಬೇರೆ.

ಎಲ್ಲಾ ಸರ್ಜನ್‌ಗಳೂ ಒಂದೇ ದಿನ ಬೇಡವೇ ಬೇಡ ಅನ್ನುವುದಿಲ್ಲ, ಅದನ್ನೂ ಹೇಳಬೇಕು. ನಮ್ಮದೇ ಹೊಟ್ಟೆ ಅಥವಾ ತೊಡೆಯ ಕೊಬ್ಬು ತೆಗೆದು ಅದೇ ಆಪರೇಷನ್‌ನಲ್ಲಿ ಮುಖಕ್ಕೆ ತುಂಬುವುದು ಸಾಕಷ್ಟು ರೂಢಿಯಲ್ಲಿದೆ. ಚರ್ಮ ಎತ್ತದೇ ಇರುವ ಜಾಗಕ್ಕೆ, ಉದಾಹರಣೆಗೆ ತುಟಿಗೆ, ಫಿಲ್ಲರ್ ಹಾಕುವವರೂ ಇದ್ದಾರೆ. ಆದರೆ ಎಲ್ಲಿ, ಎಷ್ಟು ಆಳಕ್ಕೆ ಅನ್ನುವುದು ಆಪರೇಷನ್ ಮಾಡುವವರ ತೀರ್ಮಾನ. ಕೌಂಟರ್‌ನಲ್ಲಿ ಕೂತು "ಆಫರ್" ಹೇಳುವ ಹುಡುಗಿಯದ್ದಲ್ಲ.

ಹಳೆಯ ಫಿಲ್ಲರ್ ಏನು ಮಾಡುತ್ತೆ? ವರ್ಷದಲ್ಲಿ ಕರಗಿ ಹೋಗುತ್ತೆ ಅಂತ ಅತ್ತಿಗೆಗೆ ಹೇಳಿದ್ದರು. ಆದರೆ ಎಂಆರ್‌ಐ ತೆಗೆದಾಗ ಎರಡು ವರ್ಷಕ್ಕಿಂತ ಹಳೆಯ ಜೆಲ್ ಕೂಡ ಮುಖದಲ್ಲಿ ಕಂಡಿರುವುದುಂಟು. ಅದನ್ನು ಹಾಗೇ ಬಿಟ್ಟು ಆಪರೇಷನ್ ಮಾಡಿದರೆ ಸರ್ಜನ್‌ಗೆ ನಿಜವಾದ ಕೆನ್ನೆ ಎಷ್ಟು ಅಂತಲೇ ಗೊತ್ತಾಗುವುದಿಲ್ಲ. ಹಯಲುರೋನಿಕ್ ಆಸಿಡ್ ಅನ್ನುವ, ನಮ್ಮ ಮೈಯಲ್ಲೂ ಇರುವ ವಸ್ತುವಿನ ಫಿಲ್ಲರ್ ಆದರೆ ಪುಣ್ಯ, ಹಯಲುರೋನಿಡೇಸ್ ಅನ್ನುವ ಇಂಜೆಕ್ಷನ್ ಕೊಟ್ಟು ಕರಗಿಸಬಹುದು. ಕ್ಯಾಲ್ಸಿಯಂ ಇರುವಂಥದ್ದು, ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಬೆಳೆಸುತ್ತೇವೆ ಅನ್ನುವಂಥದ್ದು ಹಾಗೆ ಕರಗುವುದಿಲ್ಲ. ಒಳಗೆ ಪದರಗಳು ಅಂಟಿಕೊಂಡಿದ್ದರೆ ಬಿಡಿಸುವಾಗ ಕಷ್ಟ. ಮುಖದ ನರ ಹತ್ತಿರದಲ್ಲೇ ಹಾದುಹೋಗಿರುತ್ತದೆ ಅನ್ನುವುದನ್ನು ಮರೆಯಬೇಡಿ.

ಅತ್ತಿಗೆಗೆ ಅಲ್ಟ್ರಾಸೌಂಡ್ ಮಾಡಿಸಿದರು. ಕರಗುವ ಜಾತಿಯದ್ದೇ ಅಂತ ಕಂಡಿತು. ಜೇನು, ಕಣಜ ಕಚ್ಚಿದಾಗ ಮೈಯೆಲ್ಲಾ ಊದಿಕೊಂಡಿದ್ದುಂಟಾ ಅಂತ ಕೇಳಿದರು. ಅಂಥವರಿಗೆ ಕರಗಿಸುವ ಔಷಧಿ ಅಲರ್ಜಿ ಆಗಬಹುದಂತೆ. ಇಲ್ಲ ಅಂದಮೇಲೆ ಎರಡು ಸಲ ಕೊಟ್ಟು ಕರಗಿಸಿದರು. ಕೆನ್ನೆ ಇಳಿಯಿತು. ಕನ್ನಡಿ ನೋಡಿ ಅತ್ತಿಗೆ ಅತ್ತರು. "ನಾಲ್ಕು ವರ್ಷದ ದುಡ್ಡು ನೀರಾಗಿ ಹೋಯ್ತು" ಅಂದರು. ಮದುವೆಗೆ ಮುಂಚೆ ಆಪರೇಷನ್ ಆಗುವುದಿಲ್ಲ ಅಂತಲೂ ಆಯಿತು.

ಅವರು ಡಾಕ್ಟರ್ ಹತ್ತಿರ ಯಾಕೆ ಸುಳ್ಳು ಹೇಳಿದರು ಅಂತ ಆಮೇಲೆ ಕಾರಿನಲ್ಲಿ ಕೇಳಿದೆ. "ನೀನು ಪಕ್ಕದಲ್ಲಿದ್ದೆಯಲ್ಲ" ಅಂದರು. ಅಷ್ಟೇ ಕಾರಣ! ನನಗೆ ಬೇಜಾರಾಯಿತು, ಆದರೆ ತಪ್ಪು ಅವರೊಬ್ಬರದ್ದೇ ಅಂತ ಹೇಳಲಾರೆ. ತಲೆಗೆ ಬಣ್ಣ ಹಚ್ಚಿದರೂ ಆಡಿಕೊಳ್ಳುವ ಮನೆಯವರು ನಾವು. "ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ" ಅಂತ ನಾನೇ ಎಷ್ಟೋ ಜನರ ಬಗ್ಗೆ ಅಂದಿದ್ದೇನೆ. ಅತ್ತಿಗೆಯ ಎದುರೇ ಅಂದಿದ್ದೇನೆ. ಮತ್ತೆ ಅವರು ನನಗೆ ಹೇಗೆ ಹೇಳಿಯಾರು? ಈಗ ನನ್ನ ಅಭಿಪ್ರಾಯ ಇಷ್ಟು. ಊರಿಗೆಲ್ಲಾ ಫೇಶಿಯಲ್ ಅಂತಲೇ ಹೇಳಿ, ಗಂಡನಿಗೆ ಬೇಕಾದರೂ ಹೇಳಿ. ಡಾಕ್ಟರ್ ಕೋಣೆಗೆ ಮಾತ್ರ ನಾದಿನಿಯನ್ನು ಕರೆದುಕೊಂಡು ಹೋಗಬೇಡಿ, ಒಬ್ಬರೇ ಹೋಗಿ ಎಲ್ಲಾ ಹೇಳಿ. ಮೀನೆಣ್ಣೆ ಕ್ಯಾಪ್ಸೂಲ್, ರಕ್ತ ತೆಳುಮಾಡುವ ಮಾತ್ರೆ, ಅದನ್ನೂ ಹೇಳಿ. ಫೇಸ್‌ಲಿಫ್ಟ್ ಆದಮೇಲೆ ಜಾಸ್ತಿ ಕಾಣುವ ತೊಂದರೆ ಚರ್ಮದಡಿ ರಕ್ತ ತುಂಬಿಕೊಳ್ಳುವುದೇ. ಹಾಗಂತ ಹೃದಯದ ಮಾತ್ರೆಯನ್ನು ನೀವೇ ನಿಲ್ಲಿಸಿಬಿಡಬೇಡಿ.

ಇನ್ನು ಕ್ಲಿನಿಕ್ ವಿಷಯ. 2022ರಲ್ಲಿ ನಮ್ಮ ದೇಶದ ವೈದ್ಯವೃತ್ತಿಯನ್ನು ನಿಯಂತ್ರಿಸುವ ನ್ಯಾಷನಲ್ ಮೆಡಿಕಲ್ ಕಮಿಷನ್ ಸೌಂದರ್ಯ ಚಿಕಿತ್ಸೆ, ಕೂದಲು ಕಸಿ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ವರ್ಕ್‌ಶಾಪ್‌ನಲ್ಲೋ ಯೂಟ್ಯೂಬ್‌ನಲ್ಲೋ ನೋಡಿ ಕಲಿತರೆ ಸಾಲದು ಅಂತ ಅದರಲ್ಲೇ ಹೇಳಿದೆ. ನಾನಾದರೆ ಒಂದೇ ಪ್ರಶ್ನೆ ಕೇಳುತ್ತೇನೆ. "ಹಯಲುರೋನಿಡೇಸ್ ಇಲ್ಲೇ ಇಟ್ಟುಕೊಂಡಿದ್ದೀರಾ?" ಇಂಜೆಕ್ಷನ್ ಆದಮೇಲೆ ಚರ್ಮ ಬೆಳ್ಳಗಾದರೆ, ಬಲೆಯ ಹಾಗೆ ನೀಲಿ ಗೆರೆ ಮೂಡಿದರೆ, ತಡೆಯಲಾರದ ನೋವು ಬಂದರೆ, ಕಣ್ಣು ಮಂಜಾದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಕಣ್ಣಿನ ವಿಷಯದಲ್ಲಂತೂ ನಿಮಿಷಗಳ ಲೆಕ್ಕ. ಆ ಪ್ರಶ್ನೆಗೆ ತಡವರಿಸುವ ಜಾಗದಿಂದ ಎದ್ದು ಬನ್ನಿ.

ರಿಸೆಪ್ಷನ್ ದಿನ ಅತ್ತಿಗೆ ಇಳಿದ ಕೆನ್ನೆಯಲ್ಲೇ ನಿಂತಿದ್ದರು. ಬಂದವರೆಲ್ಲಾ "ಸಣ್ಣ ಆಗಿದ್ದೀರಲ್ಲ, ವಾಕಿಂಗ್ ಶುರು ಮಾಡಿದ್ರಾ?" ಅಂತ ಕೇಳಿದರು. "ಹೌದು ಕಣ್ರೀ, ಬೆಳಗ್ಗೆ ಐದಕ್ಕೇ ಎದ್ದು ಹೋಗ್ತೀನಿ" ಅಂದರು, ನನ್ನ ಕಡೆ ತಿರುಗಿಯೂ ನೋಡದೆ.

ಆಪರೇಷನ್ ಮುಂದಿನ ತಿಂಗಳು. ಆಮೇಲೂ ಫಿಲ್ಲರ್ ಬೇಕು ಅನಿಸಿದರೆ ಮೂರು ತಿಂಗಳು ಕಳೆದ ಮೇಲೆ ಬನ್ನಿ, ಆಗ ನೋಡೋಣ ಅಂದಿದ್ದಾರೆ ಡಾಕ್ಟರ್. ಒಮ್ಮೆ ಕೊಯ್ದ ಮುಖದ ಒಳಗಿನ ದಾರಿಗಳು ಬದಲಾಗಿರುತ್ತವಂತೆ, ಅದನ್ನು ತಿಳಿದವರೇ ಸೂಜಿ ಹಾಕಬೇಕಂತೆ. ಅಣ್ಣನಿಗೆ ವಿಷಯ ಹೋದ ವಾರ ಹೇಳಿದರು. ಅವನು ಪೇಪರ್ ಕೆಳಗಿಟ್ಟು, "ಹಾಗಾದ್ರೆ ಆ ಫೇಶಿಯಲ್‌ಗೆ ಒಟ್ಟು ಎಷ್ಟಾಯ್ತು?" ಅಂತ ಕೇಳಿದ. ಅತ್ತಿಗೆ ಕಾಫಿ ತರಲು ಎದ್ದು ಹೋದರು.