ಆಂಟೆನಾ ಎಲ್ಲಿ ಸುಮ್ಮನಿರುತ್ತದೆ ಎಂದು ಕೇಳಿ

"ತಮ್ಮಾ, ಇಂಟರ್ನೆಟ್ ಡಬ್ಬಿಯ ದೀಪಗಳೆಲ್ಲ ಹಸಿರಾಗಿಯೇ ಉರಿಯುತ್ತಿವೆ. ಆದರೆ ರಾತ್ರಿ ಏಳು ಗಂಟೆಯಾಯಿತೆಂದರೆ ಮೊಮ್ಮಗಳ ಮುಖ ಪರದೆಯ ಮೇಲೆ ಅಂಟಿಕೊಂಡು ನಿಂತುಬಿಡುತ್ತದೆ."

ಆ ಅಜ್ಜಿ ಮೂರು ತಿಂಗಳಲ್ಲಿ ನನಗೆ ಹನ್ನೊಂದು ಸಲ ಫೋನ್ ಮಾಡಿದ್ದರು. ಒಮ್ಮೆಯೂ ದನಿ ಏರಿಸಲಿಲ್ಲ. ಪ್ರತಿ ಸಲವೂ ನಾನು ಹೋಗಿ ಕೇಬಲ್ ನೋಡಿ, ಚಾವಣಿಯ ಇಂಟರ್ನೆಟ್ ರೇಡಿಯೋ ಒರೆಸಿ, ಅದರ ಚಾನೆಲ್ (ಅದು ಮಾತಾಡುವ ಆವರ್ತನ) ಬದಲಿಸಿ ಬರುತ್ತಿದ್ದೆ. ಎರಡು ದಿನ ಸರಿ, ಮೂರನೆಯ ದಿನ ಮತ್ತೆ ಅದೇ ಕಥೆ.

ಹೊಸನಗರ ತಾಲ್ಲೂಕಿನ ಒಂದು ಗುಡ್ಡದ ಮೇಲೆ ನಮ್ಮ ಟವರ್ ಇದೆ. ಅಲ್ಲಿಯವರೆಗೆ ಫೈಬರ್ ಬರುತ್ತದೆ. ಅಲ್ಲಿಂದ ಕಣಿವೆಯ ಮನೆಗಳಿಗೆ 5 ಗಿಗಾಹರ್ಟ್ಸ್ ರೇಡಿಯೋದಲ್ಲಿ ಇಂಟರ್ನೆಟ್ ಕೊಡುತ್ತೇವೆ. ತೋಟದ ನಡುವಿನ ಒಂಟಿ ಮನೆಗಳಿಗೆ ತಂತಿ ಎಳೆದರೆ ಮಳೆಗಾಲದಲ್ಲಿ ಮರ ಬಿದ್ದು ಹರಿಯುತ್ತದೆ, ಬೇಸಿಗೆಯಲ್ಲಿ ರಸ್ತೆ ಕೆಲಸದವರು ಅಗೆದು ಹಾಕುತ್ತಾರೆ. ಹಾಗಾಗಿ ನಮ್ಮ ಊರುಗಳಿಗೆ ಈ ವ್ಯವಸ್ಥೆ ಬೇಕೇ ಬೇಕು. ಅದನ್ನು ಕೆಡಿಸುತ್ತಿರುವುದು ಮಳೆಯೂ ಅಲ್ಲ, ಗುಡ್ಡವೂ ಅಲ್ಲ. ನಾವು ಆರಿಸಿಕೊಳ್ಳುತ್ತಿರುವ ಆಂಟೆನಾಗಳು. ಇದನ್ನು ಬರೆದು ಹೇಳಲೇಬೇಕು ಅನ್ನಿಸಿದೆ.

ಹಸಿರು ದೀಪ ಸಿಗ್ನಲ್ ಎಷ್ಟು ಬಲವಾಗಿದೆ ಎಂದಷ್ಟೇ ಹೇಳುತ್ತದೆ. ಅದರ ಸುತ್ತ ಬೇಡದ ರೇಡಿಯೋ ಅಲೆಗಳ ಗದ್ದಲ ಎಷ್ಟಿದೆ ಎಂದು ಹೇಳುವುದಿಲ್ಲ. ಕೊನೆಗೆ ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದು ಟವರಿನ ಬುಡದಲ್ಲೇ ಕುಳಿತೆ. ಅಜ್ಜಿಯ ಮನೆಯಿಂದ ನಮ್ಮ ಸೆಕ್ಟರ್ ಆಂಟೆನಾಗೆ, ಅಂದರೆ ಟವರಿನ ಒಂದು ಕಡೆಯನ್ನಷ್ಟೇ ನೋಡಿಕೊಳ್ಳುವ ಆಂಟೆನಾಗೆ, ಬರುತ್ತಿದ್ದ ಸಿಗ್ನಲ್ ಮೈನಸ್ 60 ಡಿಬಿಎಂ. ಡಿಬಿಎಂ ರೇಡಿಯೋ ಶಕ್ತಿಯ ಅಳತೆ, ಮೈನಸ್ಸಿನ ಮುಂದಿನ ಅಂಕಿ ದೊಡ್ಡದಾದಷ್ಟೂ ಶಕ್ತಿ ಕಡಿಮೆ. ಮೈನಸ್ 60 ಎಂದರೆ ಬಹಳ ಒಳ್ಳೆಯದು. ಆದರೆ ಗದ್ದಲ ಮೈನಸ್ 78! 20 ಮೆಗಾಹರ್ಟ್ಸ್ ಚಾನೆಲ್ಲಿನಲ್ಲಿ ನಿಸರ್ಗವೇ ಹಾಕುವ ಗದ್ದಲದ ತಳ ಮೈನಸ್ 101. ರೇಡಿಯೋದ ಸ್ವಂತ ಗದ್ದಲ ಸೇರಿಸಿದರೂ ಮೈನಸ್ 95ರ ಆಸುಪಾಸಿನಲ್ಲಿರಬೇಕು. ನಮ್ಮಲ್ಲಿ ಅದು 17 ಡೆಸಿಬೆಲ್ ಮೇಲಿತ್ತು, ಅಂದರೆ ಐವತ್ತು ಪಟ್ಟು. ಸಿಗ್ನಲ್ಲಿಗೂ ಗದ್ದಲಕ್ಕೂ 30 ಡೆಸಿಬೆಲ್ಲಿನಷ್ಟು ಅಂತರ ಸಿಕ್ಕರೆ ರೇಡಿಯೋ ಒಂದು ಸಂಕೇತದಲ್ಲಿ ಎಂಟು ಬಿಟ್ ಮಾಹಿತಿ ಹೊರುತ್ತದೆ. 18 ಮಾತ್ರ ಸಿಕ್ಕರೆ ನಾಲ್ಕಕ್ಕೆ ಇಳಿಯುತ್ತದೆ. ಹೊತ್ತದ್ದರಲ್ಲಿ ಒಂದಿಷ್ಟು ದಾರಿಯಲ್ಲೇ ಹಾಳಾಗಿ ಮತ್ತೆ ಕಳುಹಿಸಬೇಕಾಗುತ್ತದೆ. ಸಂಜೆ ಎಲ್ಲರೂ ಒಟ್ಟಿಗೆ ಬಳಸತೊಡಗಿದಾಗ ಮೊಮ್ಮಗಳ ಮುಖ ನಿಂತುಬಿಡುವುದು ಹೀಗೆ.

ಗದ್ದಲ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ನಮ್ಮದೇ ಬೇರೆ ರೇಡಿಯೋಗಳನ್ನು ಒಂದೊಂದಾಗಿ ಬಂದ್ ಮಾಡುತ್ತ ಬಂದೆ. ಪಕ್ಕದ ಸೆಕ್ಟರ್ ಬಂದ್ ಮಾಡಿದ ಕ್ಷಣ ಗದ್ದಲ ಮೈನಸ್ 78ರಿಂದ 86ಕ್ಕೆ ಇಳಿಯಿತು. ಅದೇ ಕಂಬ, ಒಂದು ಮೀಟರ್ ದೂರ, ಬೇರೆ ಚಾನೆಲ್. ಆದರೂ ಇದು ಆಲಿಸುವ ಹೊತ್ತಿಗೆ ಅದು ಕಿವಿಯ ಪಕ್ಕದಲ್ಲೇ ಕೂಗುತ್ತಿತ್ತು. ಹೆಚ್ಚಿನ ತಪ್ಪು ನಮ್ಮದೇ. ಉಳಿದದ್ದು ಹಿನ್ನೀರಿನಾಚೆಯ ಗುಡ್ಡದಿಂದ ಬರುತ್ತಿತ್ತು. ಅಲ್ಲಿ ಇನ್ನೊಬ್ಬರ ಟವರ್ ಇದೆ. ಅದು ನಮ್ಮ ಆಂಟೆನಾದ ಬೆನ್ನಿಗೆ ನೇರ.

ಬೆನ್ನಿಗೆ ಕಿವಿ ಇರುವ ಆಂಟೆನಾಗೆ ಬೆನ್ನಲ್ಲಿ ಬಾಯಿಯೂ ಇರುತ್ತದೆ. ಯಾವ ದಿಕ್ಕಿನಿಂದ ಎಷ್ಟು ಕೇಳುತ್ತದೋ ಆ ದಿಕ್ಕಿಗೆ ಅಷ್ಟನ್ನೇ ಕಳುಹಿಸುತ್ತದೆ, ಇದು ಭೌತಶಾಸ್ತ್ರದ ನಿಯಮ. ಅಂದರೆ ಅವರ ಗಿರಾಕಿಗಳ ಮನೆಯಲ್ಲೂ ಯಾರದೋ ಮುಖ ಪರದೆಯ ಮೇಲೆ ನಿಲ್ಲುತ್ತಿತ್ತು, ನಮ್ಮಿಂದಾಗಿ.

ಮಾರುವವರು ನಮಗೆ ತೋರಿಸುವುದು ಒಂದೇ ಅಂಕಿ, ಗೇನ್. ಅಂದರೆ ಆಂಟೆನಾ ಶಕ್ತಿಯನ್ನು ಒಂದು ದಿಕ್ಕಿಗೆ ಎಷ್ಟು ಒಟ್ಟುಗೂಡಿಸುತ್ತದೆ ಎಂಬುದು, ಅದರ ಅಳತೆ ಡಿಬಿಐ. "19 ಡಿಬಿಐ ಇದೆ, 20 ಇದೆ, ತೆಗೆದುಕೊಳ್ಳಿ." ನಾನೂ ಹಾಗೆಯೇ ತೆಗೆದುಕೊಂಡವನು. ಆದರೆ ಆಂಟೆನಾ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಅದು ರೊಟ್ಟಿ ತಟ್ಟಿದ ಹಾಗೆ. ಹಿಟ್ಟು ಇದ್ದಷ್ಟೇ, ಅಗಲವಾಗಬೇಕೆಂದರೆ ತೆಳ್ಳಗಾಗಬೇಕು. 90 ಡಿಗ್ರಿ ಅಗಲದಲ್ಲಿ 20 ಡಿಬಿಐ ಕೊಡುವ ಸೆಕ್ಟರ್ ಆಂಟೆನಾದ ಕಿರಣ ಮೇಲಿನಿಂದ ಕೆಳಕ್ಕೆ ಸುಮಾರು 4 ಡಿಗ್ರಿ ದಪ್ಪ ಮಾತ್ರ. ಬಯಲುಸೀಮೆಯಲ್ಲಿ ಅದು ನಡೆದೀತು. ನಮ್ಮದು ಕಣಿವೆಯಿಂದ 150 ಮೀಟರ್ ಎತ್ತರದ ಗುಡ್ಡ. ಆಂಟೆನಾವನ್ನು 4 ಡಿಗ್ರಿ ಕೆಳಕ್ಕೆ ಬಾಗಿಸಿದರೆ ಕಿರಣದ ತಿರುಳು ನೆಲ ಮುಟ್ಟುವುದು ಒಂದೂವರೆ ಕಿಲೋಮೀಟರಿನಿಂದ ನಾಲ್ಕು ಕಿಲೋಮೀಟರಿನವರೆಗೆ. ಗುಡ್ಡದ ಬುಡದಲ್ಲಿ, 400 ಮೀಟರ್ ದೂರದಲ್ಲಿ ನಮ್ಮ ಊರಿನ ಶಾಲೆ ಇದೆ. ಅದು 20 ಡಿಗ್ರಿ ಕೆಳಗೆ ಬೀಳುತ್ತದೆ. ಟವರ್ ಕಣ್ಣೆದುರಿಗಿದ್ದರೂ ಶಾಲೆಗೆ ಸಿಗುತ್ತಿದ್ದದ್ದು ಪಕ್ಕಕ್ಕೆ ಸೋರಿದ ಕಿರಣದ ಚೂರುಪಾರು. ಮೇಷ್ಟ್ರು ನನ್ನನ್ನು ಕಂಡಾಗಲೆಲ್ಲ ಟವರಿನ ಕಡೆ ಬೆರಳು ತೋರಿಸಿ, "ಅಲ್ಲೇ ಇದೆಯಲ್ಲ!" ಎನ್ನುತ್ತಿದ್ದರು. ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಹೋದ ಬೇಸಿಗೆಯಲ್ಲಿ ಎರಡು ಸೆಕ್ಟರ್‌ಗಳನ್ನು ಇಳಿಸಿ 60 ಡಿಗ್ರಿಯ ಹಾರ್ನ್ ಆಂಟೆನಾಗಳನ್ನು ಹಾಕಿದೆವು. ನೋಡಲು ಲಾಳಿಕೆಯ ಹಾಗಿರುತ್ತವೆ. ಹೊಸ ವಸ್ತುವೇನಲ್ಲ. ಜಗದೀಶಚಂದ್ರ ಬೋಸರು 1897ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ತಮ್ಮ ಮಿಲಿಮೀಟರ್ ಅಲೆಗಳ ಪ್ರಯೋಗ ತೋರಿಸಿದಾಗ ಅವರ ಬಳಿ ಇದ್ದದ್ದು ಇಂಥದೇ ಹಾರ್ನ್. ಅವರು ಅದನ್ನು ಕರೆದದ್ದೂ ಲಾಳಿಕೆ ಎಂದೇ. ಕಲ್ಕತ್ತೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಮನುಷ್ಯನ ಲಾಳಿಕೆಯ ಬಂಧು ನಮ್ಮ ಗುಡ್ಡದ ಕಂಬದ ಮೇಲೆ ಕುಳಿತಿದೆ ಎಂದು ನೆನೆದಾಗ ನನಗೆ ನಿಜವಾಗಿ ಸಂತೋಷವಾಗುತ್ತದೆ.

ಹಾರ್ನಿನ ಗೇನ್ ಕಡಿಮೆ. ನಮ್ಮದು 13 ಡಿಬಿಐ. ಅಜ್ಜಿಯ ಮನೆಯ ಸಿಗ್ನಲ್ ಮೈನಸ್ 60ರಿಂದ 67ಕ್ಕೆ ಇಳಿಯಿತು. ಕಂಬದ ಮೇಲಿದ್ದ ಹುಡುಗ ಕೆಳಗೆ ನೋಡಿ, "ಅಣ್ಣಾ, ಮೊದಲಿನದೇ ಚೆನ್ನಾಗಿತ್ತು, ವಾಪಸ್ ಹಾಕೋಣವೇ?" ಎಂದು ಕೂಗಿದ. ಗದ್ದಲದ ಅಂಕಿ ನೋಡು ಎಂದೆ. ಮೈನಸ್ 92. ಸಿಗ್ನಲ್ಲಿನಲ್ಲಿ 7 ಡೆಸಿಬೆಲ್ ಕಳೆದುಕೊಂಡು ಗದ್ದಲದಲ್ಲಿ 14 ಉಳಿಸಿದ್ದೆವು. ಅಂತರ 18ರಿಂದ 25ಕ್ಕೆ ಏರಿತ್ತು. ಹಾರ್ನಿನ ಕಿರಣ ಅಡ್ಡಕ್ಕೂ ಉದ್ದಕ್ಕೂ ಒಂದೇ ಅಳತೆ, ಹಾಗಾಗಿ ಬುಡದ ಶಾಲೆಯೂ ಅದರೊಳಗೇ ಬಂತು. ಮೇಷ್ಟ್ರು ಈಗ ಬೆರಳು ತೋರಿಸುವುದಿಲ್ಲ.

ಹಾರ್ನ್ ಎಲ್ಲ ಕಡೆಗೂ ಮದ್ದಲ್ಲ. ಆರೇಳು ಕಿಲೋಮೀಟರ್ ದೂರದ ಚದುರಿದ ಮನೆಗಳಿಗೆ 7 ಡೆಸಿಬೆಲ್ ಕಳೆದುಕೊಳ್ಳಲು ಆಗುವುದಿಲ್ಲ. ಅಲ್ಲಿ ಕಿರಿದಾದ, ಹೆಚ್ಚು ಗೇನ್ ಇರುವ ಆಂಟೆನಾ ಬೇಕು, ಮನೆಯ ತುದಿಯಲ್ಲಿ ದೊಡ್ಡ ಡಿಶ್ ಬೇಕು. ಖರ್ಚೂ ಕಡಿಮೆಯಲ್ಲ. 120 ಡಿಗ್ರಿಯ ಮೂರು ಸೆಕ್ಟರ್ ಇದ್ದಲ್ಲಿ 60 ಡಿಗ್ರಿಯ ಆರು ಬೇಕು, ರೇಡಿಯೋಗಳೂ ಆರು. ನಮ್ಮ ಟವರಿನಲ್ಲಿ ಇನ್ನೂ ಒಂದು ಹಳೆಯ ಸೆಕ್ಟರ್ ಉಳಿದಿರುವುದಕ್ಕೆ ಹಣವೇ ಕಾರಣ. ಒಂದೇ ಕಂಬದ ರೇಡಿಯೋಗಳು ಜಿಪಿಎಸ್ ಗಡಿಯಾರಕ್ಕೆ ಹೊಂದಿಕೊಂಡು ಒಟ್ಟಿಗೆ ಮಾತಾಡಿ ಒಟ್ಟಿಗೆ ಆಲಿಸುವಂತೆ ಮಾಡಿದರೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಆಂಟೆನಾಗಳಿಗೆ ಒಂದೇ ಚಾನೆಲ್ ಕೊಡಬಹುದು. ಅದೂ ಬೆನ್ನು ಸೋರದ ಆಂಟೆನಾ ಆಗಿದ್ದರೆ ಮಾತ್ರ.

2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್ ಆವರ್ತನ ಪಟ್ಟಿಯ 605 ಮೆಗಾಹರ್ಟ್ಸ್ ಅನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ನಮ್ಮಂಥ ಸಣ್ಣವರು ಬದುಕಿಕೊಂಡದ್ದೇ ಅದರಿಂದ. ಆದರೆ ಆ ನಿಯಮದಲ್ಲೇ ಇದೆ, ಇಲ್ಲಿ ಯಾರಿಗೂ ರಕ್ಷಣೆಯಿಲ್ಲ. ಪಕ್ಕದವರ ಗದ್ದಲ ಹೆಚ್ಚಾಯಿತೆಂದು ದೂರು ಕೊಡುವಂತಿಲ್ಲ. ಇದು ಊರಿನ ಗೋಮಾಳ. ಇಲ್ಲಿ ನಮಗಿರುವ ಬೇಲಿ ಆಂಟೆನಾ ಒಂದೇ. ಆ ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಬಳಿ ಹೇಳುವುದು? ಜಾತ್ರೆಯ ಗದ್ದೆಯಲ್ಲಿ ಎರಡು ಧ್ವನಿವರ್ಧಕಗಳನ್ನು ಎದುರುಬದುರಾಗಿ ಇಟ್ಟವರು ಏನು ಮಾಡುತ್ತಾರೋ ನಾವೂ ಅದನ್ನೇ ಮಾಡುತ್ತಿದ್ದೇವೆ. ಅವರು ಏರಿಸಿದರೆಂದು ನಾವು, ನಾವು ಏರಿಸಿದೆವೆಂದು ಅವರು. ಯಾರ ಹಾಡೂ ಯಾರಿಗೂ ಕೇಳುವುದಿಲ್ಲ.

ಆಂಟೆನಾ ಕೊಳ್ಳುವಾಗ ಗೇನಿನ ಅಂಕಿಯನ್ನು ಬದಿಗಿಟ್ಟು, ಯಾವ ದಿಕ್ಕಿಗೆ ಎಷ್ಟು ಕಳುಹಿಸುತ್ತದೆ ಎಂದು ತೋರಿಸುವ ಅದರ ವಿಕಿರಣ ನಕ್ಷೆ ಕೇಳಿ. ಅಡ್ಡ ಸೀಳಿನ ಒಂದು ಚಿತ್ರ ಸಾಲದು, ಮೇಲೆ ಕೆಳಗೆ ಹಿಂದೆ ಎಲ್ಲ ಕಡೆಯದೂ ಬೇಕು. ಬೆನ್ನಿಗೂ ಮುಖಕ್ಕೂ ಎಷ್ಟು ಡೆಸಿಬೆಲ್ ಅಂತರ ಎಂದು ಕೇಳಿ. 90 ಡಿಗ್ರಿ ಎನ್ನುವುದನ್ನು ಕಿರಣದ ಬಲ ನಡುವಿಗಿಂತ 3 ಡೆಸಿಬೆಲ್ ಇಳಿಯುವಲ್ಲಿ ಅಳೆದದ್ದೋ 6 ಇಳಿಯುವಲ್ಲೋ ಎಂದು ಕೇಳಿ. ಅದು ಗೊತ್ತಿಲ್ಲದ ಅಂಗಡಿಯಲ್ಲಿ ಕೊಳ್ಳಬೇಡಿ.

ಹಿನ್ನೀರಿನಾಚೆಯ ಟವರಿನವರನ್ನು ಕಳೆದ ತಿಂಗಳು ಹೋಗಿ ಕಂಡೆ. ಚಹಾ ಕುಡಿಯುತ್ತ ಇಬ್ಬರೂ ಚಾನೆಲ್ ಪಟ್ಟಿ ಬರೆದು ಬದಲಾಯಿಸಿಕೊಂಡೆವು. ಹೊಸನಗರ, ಸಾಗರ, ತೀರ್ಥಹಳ್ಳಿಯ ಸುತ್ತ ಗುಡ್ಡದ ಮೇಲೆ ರೇಡಿಯೋ ಇಟ್ಟಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನಗೊಂದು ಸಂದೇಶ ಕಳುಹಿಸಿ. ನಮ್ಮ ಆಂಟೆನಾಗಳ ದಿಕ್ಕು, ಬಾಗು, ಚಾನೆಲ್ ಎಲ್ಲವನ್ನೂ ಕೊಡುತ್ತೇನೆ. ನಿಮ್ಮದನ್ನೂ ಕೊಡಿ.